ಹೆಸರು ಹೇಳುವವರು

ರಟ್ಟಿನ ಪೆಟ್ಟಿಗೆಗಳನ್ನು ತಯಾರಿಸುವ ನಮ್ಮ ಸಣ್ಣ ಘಟಕ ಆರಂಭವಾದ ಮೊದಲ ಮೂರು ವರ್ಷ ಹೊಸ ಗಿರಾಕಿಗಳನ್ನು ಹುಡುಕಿಕೊಂಡು ಹೋಗುವ ಪ್ರಮೇಯವೇ ನನಗೆ ಬರಲಿಲ್ಲ. ನಮ್ಮ ಮಾಲಿನ ಮುಕ್ಕಾಲು ಪಾಲನ್ನು ಒಂದೇ ಸಂಸ್ಥೆ ಕೊಳ್ಳುತ್ತಿತ್ತು. ಉಳಿದದ್ದು ಪರಿಚಯದವರ ಚಿಲ್ಲರೆ ಆರ್ಡರುಗಳಲ್ಲಿ ಮುಗಿದುಹೋಗುತ್ತಿತ್ತು. ಎಂಟು ಮಂದಿ ಕೆಲಸಗಾರರು, ಎರಡು ಯಂತ್ರಗಳು, ತಿಂಗಳಿಗೊಮ್ಮೆ ತಪ್ಪದೆ ಬರುವ ಪಾವತಿ, ಇಷ್ಟರಲ್ಲಿ ನಾನು ನಿಶ್ಚಿಂತೆಯಿಂದಿದ್ದೆ. ನಾಲ್ಕನೆಯ ವರ್ಷದ ಆರಂಭದಲ್ಲಿ ಆ ಸಂಸ್ಥೆಯ ಖರೀದಿ ವಿಭಾಗದ ಮುಖ್ಯಸ್ಥರು ಬದಲಾದರು. ಹೊಸದಾಗಿ ಬಂದವರು ತಮಗೆ ಮೊದಲಿನಿಂದ ಗೊತ್ತಿದ್ದ ಇನ್ನೊಂದು ಕಾರ್ಖಾನೆಗೆ ಆರ್ಡರನ್ನು ವರ್ಗಾಯಿಸಿದರು. ನಮ್ಮ ಮಾಲಿನಲ್ಲಿ ದೋಷವಿರಲಿಲ್ಲ, ದರದ ಬಗ್ಗೆ ತಕರಾರೂ ಇರಲಿಲ್ಲ. ನಾನು ಯಾರೆಂಬುದು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ಮೂರು ವರ್ಷ ಆ ಸಂಸ್ಥೆಯ ಬಾಗಿಲಿಗೆ ಲಾರಿ ಕಳುಹಿಸಿಯೂ ಅಲ್ಲಿ ಒಬ್ಬರನ್ನು ಬಿಟ್ಟು ಇನ್ನೊಬ್ಬರ ಪರಿಚಯ ಮಾಡಿಕೊಂಡಿರಲಿಲ್ಲ ಎಂಬುದು ನನ್ನ ಅರಿವಿಗೆ ಬಂದದ್ದು ಆ ದಿನ.

ಗಾಬರಿಯಲ್ಲಿ ನಾನು ಮಾಡಿದ ಮೊದಲ ಕೆಲಸ, ಪ್ಯಾಕೇಜಿಂಗ್ ಉದ್ಯಮದ ಮೂರು ದಿನಗಳ ವಸ್ತುಪ್ರದರ್ಶನವೊಂದಕ್ಕೆ ಹೋಗಿ ಮಳಿಗೆಯಿಂದ ಮಳಿಗೆಗೆ ಸುತ್ತಿದ್ದು. ಮೂರನೆಯ ದಿನ ಸಂಜೆಯ ಹೊತ್ತಿಗೆ ನನ್ನ ಚೀಲದಲ್ಲಿ 140 ವಿಸಿಟಿಂಗ್ ಕಾರ್ಡುಗಳಿದ್ದವು. ವಾಪಸು ಬಂದು ಅಷ್ಟೂ ಜನರಿಗೆ ಒಂದೇ ಒಕ್ಕಣೆಯ ಪತ್ರ ಬರೆದೆ: ನಮ್ಮ ಘಟಕದ ಪರಿಚಯ, ಯಂತ್ರಗಳ ವಿವರ, ಸ್ಯಾಂಪಲ್ ಕಳುಹಿಸಲು ಸಿದ್ಧವಿದ್ದೇವೆ ಎಂಬ ಭರವಸೆ. ಒಂಬತ್ತು ಉತ್ತರಗಳು ಬಂದವು. ಒಂಬತ್ತೂ ಜನ ದರ ಕೇಳಿದರು, ದರ ತಿಳಿದ ಮೇಲೆ ಸುಮ್ಮನಾದರು. ನಮಗೆ ರಟ್ಟಿಗೆ ಬೇಕಾದ ಕ್ರಾಫ್ಟ್ ಕಾಗದ ಪೂರೈಸುತ್ತಿದ್ದ ಹಿರಿಯರೊಬ್ಬರು ಬಾಕಿ ವಸೂಲಿಗೆಂದು ಬಂದಿದ್ದಾಗ ಮೇಜಿನ ಮೇಲಿದ್ದ ಆ ಕಾರ್ಡುಗಳ ಕಟ್ಟನ್ನು ಕೈಗೆತ್ತಿಕೊಂಡು, "ಇವರಲ್ಲಿ ಎಷ್ಟು ಜನರ ಗೋದಾಮು ನೋಡಿದ್ದೀರಿ?" ಎಂದು ಕೇಳಿದರು. ಒಂದನ್ನೂ ನೋಡಿರಲಿಲ್ಲ. ಅವರು ಹೆಚ್ಚೇನೂ ಹೇಳದೆ, ಬಾಕಿಗೆ ಇನ್ನೊಂದು ತಿಂಗಳ ಗಡುವು ಕೊಟ್ಟು ಹೋದರು.

ಅಂದು ರಾತ್ರಿ ಆ ಕಾರ್ಡುಗಳನ್ನು ಒಂದೊಂದಾಗಿ ಹರಡಿಕೊಂಡು ಕುಳಿತೆ. ಯಾರ ಮುಖ ನೆನಪಿದೆ, ಅವರೊಂದಿಗೆ ಏನು ಮಾತಾಯಿತು, ಅವರು ತಮ್ಮ ಕೆಲಸದ ಯಾವ ತೊಂದರೆಯನ್ನು ಹೇಳಿಕೊಂಡರು ಎಂದು ಕಾರ್ಡಿನ ಹಿಂಬದಿಯಲ್ಲಿ ಬರೆಯಲು ಪ್ರಯತ್ನಿಸಿದೆ. 140ರಲ್ಲಿ ಹಾಗೆ ಬರೆಯಲು ಸಾಧ್ಯವಾದದ್ದು 11 ಕಾರ್ಡುಗಳ ಮೇಲೆ ಮಾತ್ರ. ಉಳಿದವರನ್ನು ನಾನು ಭೇಟಿಯಾಗಿದ್ದೆ ಎನ್ನುವುದೇ ಸರಿಯಲ್ಲ. ಅವರ ಕೈಯಿಂದ ಒಂದು ಚೀಟಿ ಪಡೆದಿದ್ದೆ. ಆ ಹನ್ನೊಂದು ಜನರಿಗೆ ಮಾರನೆಯ ದಿನದಿಂದ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಆರ್ಡರಿನ ಮಾತು ಎತ್ತಲಿಲ್ಲ. ಅವರು ಅಂದು ಹೇಳಿದ್ದ ತೊಂದರೆ ಬಗೆಹರಿಯಿತೇ ಎಂದು ಕೇಳಿದೆ, ಅಷ್ಟೇ.

ಅವರಲ್ಲಿ ಒಬ್ಬರು ಗಾಜಿನ ಜಾಡಿಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ಗೋದಾಮಿನ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಪೇರಿಸಿಟ್ಟ ಪೆಟ್ಟಿಗೆಗಳ ಕೆಳಸಾಲು ಕುಸಿದು ಜಾಡಿಗಳು ಒಡೆಯುತ್ತಿವೆ, ಮೂರು ಪ್ಲೈ, ಅಂದರೆ ಮೂರು ಕಾಗದದ ಪದರಗಳ, ಪೆಟ್ಟಿಗೆ ಬಿಟ್ಟು ಐದು ಪ್ಲೈಗೆ ಹೋಗಬೇಕೆಂದು ಮೇಲಿನವರು ಹೇಳುತ್ತಿದ್ದಾರೆ ಎಂದು ಪ್ರದರ್ಶನದಲ್ಲಿ ಅವರು ನನ್ನೊಡನೆ ಹೇಳಿದ್ದರು. ಒಮ್ಮೆ ಬಂದು ನೋಡಬಹುದೇ ಎಂದು ಕೇಳಿದೆ. ಬನ್ನಿ ಎಂದರು.

ಆ ಗೋದಾಮಿನಲ್ಲಿ ಕಳೆದ ಅರ್ಧ ದಿನ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಮೊದಲು ಕುಸಿದ ಪೆಟ್ಟಿಗೆಯೊಂದನ್ನು ಬಿಚ್ಚಿ ನೋಡಿದೆ. ಒಳಗಿನ ಅಲೆಯಂಥ ಪದರ, ಅಂದರೆ ಫ್ಲೂಟ್, ಮೇಲಿನಿಂದ ಕೆಳಕ್ಕೆ ನೆಟ್ಟಗೆ ನಿಂತಿತ್ತು. ಭಾರ ಹೊರಬೇಕಾದ ಪೆಟ್ಟಿಗೆಯಲ್ಲಿ ಅದು ಇರಬೇಕಾದದ್ದೇ ಹಾಗೆ. ಕಾಗದವೂ ಚೆನ್ನಾಗಿಯೇ ಇತ್ತು. ಆಮೇಲೆ ಪೆಟ್ಟಿಗೆಗಳನ್ನು ಪೇರಿಸಿದ್ದ ರೀತಿಯನ್ನು ಗಮನಿಸಿದೆ. ಮಾಲು ಪೇರಿಸಲು ಬಳಸುವ ಮರದ ಅಡಿಹಲಗೆಯ, ಅಂದರೆ ಪ್ಯಾಲೆಟ್ಟಿನ, ಅಂಚಿನಿಂದ ಪೆಟ್ಟಿಗೆಗಳು ಎರಡು ಬೆರಳಿನಷ್ಟು ಹೊರಗೆ ಚಾಚಿದ್ದವು. ಮೇಲಿನ ಸಾಲನ್ನು ಕೆಳಗಿನ ಸಾಲಿನ ಮೇಲೆ ನೇರವಾಗಿ ಇಡದೆ, ಗೋಡೆಗೆ ಇಟ್ಟಿಗೆ ಕಟ್ಟಿದಂತೆ ಅಡ್ಡಡ್ಡ ಜೋಡಿಸಿದ್ದರು. ಪೆಟ್ಟಿಗೆ ಹೊರುವ ಭಾರದಲ್ಲಿ ಸುಮಾರು ಮೂರನೆಯ ಎರಡು ಪಾಲನ್ನು ಅದರ ಮೂಲೆಗಳೇ ಹೊರುತ್ತವೆ. ಮೂಲೆಯ ಮೇಲೆ ಮೂಲೆ ಕೂರದಿದ್ದರೆ, ಅಥವಾ ಮೂಲೆಯ ಕೆಳಗೆ ಆಸರೆಯೇ ಇಲ್ಲದಿದ್ದರೆ, ಎಂಥ ಒಳ್ಳೆಯ ಪೆಟ್ಟಿಗೆಯೂ ತನ್ನ ಶಕ್ತಿಯನ್ನು ಬಹಳಷ್ಟು ಕಳೆದುಕೊಳ್ಳುತ್ತದೆ. ಇದರ ಜೊತೆಗೆ ಒಂದು ಮೂಲೆಯಲ್ಲಿ ನೆಲ ತೇವವಾಗಿತ್ತು. ರಟ್ಟು ತೇವವನ್ನು ಹೀರಿಕೊಂಡಷ್ಟೂ ಮೆತ್ತಗಾಗುತ್ತದೆ, ಅಲ್ಲಿದ್ದ ಪೆಟ್ಟಿಗೆಗಳ ತಳವನ್ನು ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು.

ನಾನು ಅವರಿಗೆ ಐದು ಪ್ಲೈ ಪೆಟ್ಟಿಗೆ ಬೇಕಿಲ್ಲ ಎಂದು ಹೇಳಿದೆ. ಹೇಳುವ ಮೊದಲು ಮನಸ್ಸು ಒಂದು ಕ್ಷಣ ತಡೆಯಿತು ಎಂಬುದನ್ನು ಮುಚ್ಚಿಡುವುದಿಲ್ಲ, ಏಕೆಂದರೆ ಐದು ಪ್ಲೈಗೆ ಹೋಗುವುದಾದರೆ ಆ ಆರ್ಡರನ್ನು ನಾನೇ ಕೇಳಬಹುದಾಗಿತ್ತು, ನಮ್ಮ ಯಂತ್ರಗಳು ಆಗ ವಾರದಲ್ಲಿ ಮೂರು ದಿನ ಸುಮ್ಮನೆ ನಿಂತಿರುತ್ತಿದ್ದವು. ಆದರೆ ಕಣ್ಣೆದುರಿಗೆ ಕಾಣುತ್ತಿದ್ದದ್ದು ಬೇರೆಯಾಗಿತ್ತು. ಈಗಿನ ಪೆಟ್ಟಿಗೆಗಳು ಸರಿಯಾಗಿವೆ, ಪೂರೈಸುವವರನ್ನು ಬದಲಿಸಬೇಡಿ, ಮೂಲೆಗೆ ಮೂಲೆ ಸೇರಿಸಿ ಪೇರಿಸಿ, ಪ್ಯಾಲೆಟ್ಟಿನ ಅಂಚಿನೊಳಗೆ ಇರಿಸಿ, ಆ ತೇವದ ಜಾಗವನ್ನು ಖಾಲಿ ಮಾಡಿಸಿ ಎಂದೆ. ನಾವಿಬ್ಬರೂ ಅಲ್ಲಿನ ಹುಡುಗರ ಜೊತೆ ಸೇರಿ ಒಂದು ಪ್ಯಾಲೆಟ್ಟನ್ನು ಹಾಗೆ ಪೇರಿಸಿ ತೋರಿಸಿದೆವು. ಅಂದು ನನಗೆ ಯಾವ ಆರ್ಡರೂ ಸಿಗಲಿಲ್ಲ. ನಂತರವೂ ಬಹಳ ಕಾಲ ಸಿಗಲಿಲ್ಲ. ತಿಂಗಳ ಕೊನೆಯಲ್ಲಿ ಒಡಕು ಕಡಿಮೆಯಾಗಿದೆ ಎಂದು ಅವರು ಫೋನ್ ಮಾಡಿ ತಿಳಿಸಿದರು. ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಮಾತಾಡುತ್ತಿದ್ದೆವು, ಹೆಚ್ಚಾಗಿ ಸಾಗಣೆಯ ಬಗ್ಗೆ, ಕಾಗದದ ದರದ ಬಗ್ಗೆ, ಅವರ ಮಗಳ ಓದಿನ ಬಗ್ಗೆ.

ಎಂಟು ತಿಂಗಳಾದ ಮೇಲೆ ನಮಗೆ ಅಲ್ಲಿಯವರೆಗೆ ಬಂದಿದ್ದ ಆರ್ಡರುಗಳಲ್ಲೇ ದೊಡ್ಡದೊಂದು ಬಂತು, ಅದು ಬಂದದ್ದು ಅವರ ಮೂಲಕ. ಔಷಧಿ ಬಾಟಲಿಗಳನ್ನು ಹೊರದೇಶಕ್ಕೆ ಕಳುಹಿಸುವ ಸಂಸ್ಥೆಯೊಂದರಲ್ಲಿ ಅವರ ಹಳೆಯ ಸಹೋದ್ಯೋಗಿಯೊಬ್ಬರು ಇದ್ದರು, ಪೆಟ್ಟಿಗೆಯ ಮಾತು ಬಂದಾಗ ಇವರು ನನ್ನ ಹೆಸರು ಹೇಳಿದ್ದರು.

ನನಗೆ ಆಶ್ಚರ್ಯವಾದದ್ದು, ಇಷ್ಟು ವರ್ಷಗಳಿಂದ ವಾರಕ್ಕೆ ಎರಡು ಸಲ ಸೇರುತ್ತಿದ್ದ ನನ್ನ ಆಪ್ತ ಗೆಳೆಯರಿಂದ ಇಂಥದ್ದೊಂದು ಎಂದೂ ಬಂದಿರಲಿಲ್ಲವಲ್ಲ ಎಂಬುದು. ಈ ಪ್ರಶ್ನೆಯ ಬೆನ್ನುಹತ್ತಿ ಓದಿದಾಗ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಅಧ್ಯಯನದ ವಿಷಯ ತಿಳಿಯಿತು. ಬಾಸ್ಟನ್ ಹತ್ತಿರದ ಊರೊಂದರಲ್ಲಿ ಪರಿಚಯದವರ ಮೂಲಕ ಹೊಸ ಉದ್ಯೋಗ ಹಿಡಿದವರನ್ನು ಅವರು ಮಾತಾಡಿಸಿ, ದಾರಿ ತೋರಿಸಿದ ಆ ವ್ಯಕ್ತಿಯನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ವಿಚಾರಿಸಿದ್ದರು. ವಾರಕ್ಕೆ ಎರಡು ಸಲವಾದರೂ ಭೇಟಿಯಾಗುತ್ತಿದ್ದೆವು ಎಂದವರು ಶೇ. 16.7 ಮಾತ್ರ, ಶೇ. 55.6 ಜನ ಆಗೊಮ್ಮೆ ಈಗೊಮ್ಮೆ ಎಂದರೆ, ಶೇ. 27.8 ಜನ ವರ್ಷಕ್ಕೊಮ್ಮೆ ಅಥವಾ ಅದಕ್ಕಿಂತ ಅಪರೂಪ ಎಂದಿದ್ದರು. ಆಪ್ತರ ಬಳಿ ಇರುವ ಸುದ್ದಿ ಸಾಮಾನ್ಯವಾಗಿ ನಮ್ಮ ಬಳಿಯೂ ಇರುತ್ತದೆ. ಬೇರೆ ಬಳಗದಲ್ಲಿ ಓಡಾಡುವ ಪರಿಚಯಸ್ಥರು ನಮಗೆ ಗೊತ್ತಿಲ್ಲದ ಸುದ್ದಿಯನ್ನು ತರುತ್ತಾರೆ ಎಂಬುದು ಅವರ ವಿವರಣೆ. ಅವರು ಮಾತಾಡಿಸಿದವರ ಸಂಖ್ಯೆ ಚಿಕ್ಕದು. ಆದರೆ 2022ರಲ್ಲಿ, ಲಿಂಕ್ಡ್‌ಇನ್ ಜಾಲತಾಣದ ಸುಮಾರು 2 ಕೋಟಿ ಬಳಕೆದಾರರನ್ನು ಐದು ವರ್ಷಗಳ ಅವಧಿಯಲ್ಲಿ ಗಮನಿಸಿದ ದೊಡ್ಡ ಅಧ್ಯಯನವೊಂದು ಹೊರಬಂದು, ಉದ್ಯೋಗ ಬದಲಾವಣೆಗೆ ಹೆಚ್ಚು ನೆರವಾಗುವುದು ತೀರ ಆಪ್ತವೂ ಅಲ್ಲದ, ತೀರ ದೂರವೂ ಅಲ್ಲದ ನಡುವಿನ ಪರಿಚಯ ಎಂದು ಕಂಡುಕೊಂಡಿತು. ಇವೆರಡೂ ಉದ್ಯೋಗದ ವಿಷಯವಾಗಿ ಮಾಡಿದ ಅಧ್ಯಯನಗಳು, ವ್ಯಾಪಾರಕ್ಕೆ ಇವನ್ನು ಹಾಗೆಯೇ ಅನ್ವಯಿಸಲಾಗದು. ಆದರೂ ನನ್ನ ಗೋದಾಮಿನ ಗೆಳೆಯರು ಆ ನಡುವಿನ ಪರಿಚಯದವರೇ ಆಗಿದ್ದರು. ಮತ್ತೆ ಒಂದು ಮಾತು ಇಲ್ಲಿ ಸೇರಿಸಬೇಕು: ಸುದ್ದಿ ತಂದವರೆಲ್ಲ ಹೆಸರು ಹೇಳುವುದಿಲ್ಲ. ಎಲ್ಲಿ ಆರ್ಡರಿದೆ ಎಂದು ತಿಳಿಸುವುದಕ್ಕೆ ಅರ್ಧ ನಿಮಿಷ ಸಾಕು. "ಇವರಿಗೆ ಕೊಡಿ, ನಾನು ನೋಡಿದ್ದೇನೆ" ಎಂದು ಹೇಳುವವರು ಮಾತ್ರ ತಮ್ಮ ಹೆಸರನ್ನೇ ನಮಗಾಗಿ ಒತ್ತೆ ಇಡುತ್ತಾರೆ.

ಇದು ನನಗೆ ಚೆನ್ನಾಗಿ ಮನದಟ್ಟಾದದ್ದು ಉದ್ಯಮಿಗಳ ಕೂಟವೊಂದರಲ್ಲಿ. ಒಂದೊಂದು ಕಸುಬಿನಿಂದ ಒಬ್ಬೊಬ್ಬರನ್ನೇ ಸೇರಿಸಿಕೊಳ್ಳುವ, ವಾರಕ್ಕೊಮ್ಮೆ ಬೆಳಿಗ್ಗೆ ಸಭೆ ಸೇರುವ ಕೂಟ ಅದು. ಪ್ರತಿ ಸಭೆಯಲ್ಲೂ ಕಳೆದ ವಾರ ಯಾರು ಯಾರಿಗೆ ಎಷ್ಟು ಪರಿಚಯ ಮಾಡಿಕೊಟ್ಟರು ಎಂಬ ಲೆಕ್ಕವನ್ನು ಎಲ್ಲರೆದುರು ಓದುತ್ತಿದ್ದರು. ಲೆಕ್ಕ ತುಂಬಿಸಲೇಬೇಕಾದ್ದರಿಂದ, ಒಬ್ಬರ ಕೆಲಸವನ್ನು ಕಣ್ಣಿಂದ ನೋಡದೆಯೇ ಇನ್ನೊಬ್ಬರಿಗೆ ಶಿಫಾರಸು ಮಾಡುವುದು ಅಲ್ಲಿ ಮಾಮೂಲಾಗಿತ್ತು. ನಾನೂ ಹಾಗೆ ಒಬ್ಬ ಮುದ್ರಕರ ಹೆಸರನ್ನು ನನ್ನ ಹಳೆಯ ಗಿರಾಕಿಯೊಬ್ಬರಿಗೆ ಕೊಟ್ಟೆ. ಅವರು ಮುದ್ರಿಸಿಕೊಟ್ಟ ಲೇಬಲ್ಲುಗಳ ಶಾಯಿ ಕೈಗೆ ಹತ್ತಿತು. ಗಿರಾಕಿ ನನ್ನ ಮೇಲೆ ರೇಗಲಿಲ್ಲ, ಆದರೆ ಆಮೇಲೆ ಎಂದೂ ನನ್ನನ್ನು ಯಾರ ಹೆಸರನ್ನೂ ಕೇಳಲಿಲ್ಲ.

ಇಂಥ ಕೂಟಗಳ ಪದ್ಧತಿ ಹಳೆಯದು. 1905ರ ಫೆಬ್ರವರಿಯಲ್ಲಿ ಷಿಕಾಗೋದ ವಕೀಲ ಪಾಲ್ ಹ್ಯಾರಿಸ್ ಬೇರೆ ಬೇರೆ ಕಸುಬಿನ ಮೂವರೊಡನೆ ಸೇರಿ ಆರಂಭಿಸಿದ ರೋಟರಿ ಕ್ಲಬ್ಬು, ಸದಸ್ಯರ ಕಚೇರಿಗಳಲ್ಲಿ ಸರದಿಯ ಮೇಲೆ ಸಭೆ ನಡೆಸುತ್ತಿದ್ದುದರಿಂದಲೇ ಆ ಹೆಸರು ಪಡೆಯಿತು. ಆ ಸರದಿಯ ಕ್ರಮದಲ್ಲಿ ಒಂದು ವಿವೇಕವಿದೆ ಎಂದು ನನಗೆ ತೋರಿತು: ಒಬ್ಬರ ಜಾಗಕ್ಕೆ ಹೋದರೆ ಅವರು ಕೆಲಸ ಮಾಡುವ ರೀತಿ ತಾನಾಗಿ ಕಾಣುತ್ತದೆ. ಕೂಟದಲ್ಲಿದ್ದ ಐದಾರು ಜನರಿಗೆ, ನಾವಾದರೂ ಒಬ್ಬರ ಘಟಕಕ್ಕೆ ಒಬ್ಬರು ಹೋಗಿ ಬರೋಣ ಎಂದೆ. ಕೂಟದಿಂದ ನಾನು ಒಂದು ವರ್ಷದ ನಂತರ ಹೊರಬಂದೆ. ಆ ಐದಾರು ಜನ ಮಾತ್ರ ಈಗಲೂ ತಿಂಗಳಿಗೊಮ್ಮೆ ಯಾರಾದರೊಬ್ಬರ ಘಟಕದಲ್ಲಿ ಸೇರುತ್ತೇವೆ. ಹಾಗೆ ಹೋದಾಗ ಒಬ್ಬರ ಲೆಕ್ಕಪತ್ರದ ಕಡತಗಳ ಅಚ್ಚುಕಟ್ಟು, ಇನ್ನೊಬ್ಬರು ಕೆಲಸಗಾರರನ್ನು ಮಾತಾಡಿಸುವ ಧಾಟಿ, ಮಗದೊಬ್ಬರ ಬಾಗಿಲಲ್ಲಿ ಪಾವತಿಗಾಗಿ ಕಾಯುತ್ತ ನಿಂತ ಪೂರೈಕೆದಾರ, ಇವು ಎಷ್ಟು ಸಭೆಗಳಲ್ಲಿ ಕುಳಿತಿದ್ದರೂ ನನಗೆ ತಿಳಿಯುತ್ತಿರಲಿಲ್ಲ.

ಅವರಲ್ಲಿ ಒಬ್ಬರ ಮೂಲಕ ನನಗೆ ನಮ್ಮದೇ ಕಸುಬಿನ ಇನ್ನೊಂದು ಘಟಕದವರ ಪರಿಚಯವಾಯಿತು. ಪ್ರತಿಸ್ಪರ್ಧಿ ಎಂದು ನಾನು ಅದುವರೆಗೆ ದೂರವಿಟ್ಟಿದ್ದವರು. ಒಮ್ಮೆ ಅವರ ಪಿನ್ ಹೊಡೆಯುವ ಯಂತ್ರ ಕೆಟ್ಟಾಗ ನಮ್ಮ ಯಂತ್ರವನ್ನು ಎರಡು ದಿನ ಬಳಸಿಕೊಳ್ಳಲು ಬಿಟ್ಟೆ, ಬಾಡಿಗೆ ಕೇಳಲಿಲ್ಲ. ನಮ್ಮ ಯಂತ್ರಕ್ಕೆ ಮೀರಿದ ದೊಡ್ಡ ಅಳತೆಯ ಆರ್ಡರು ಬಂದರೆ ಅವರಿಗೆ ಕಳುಹಿಸುತ್ತಿದ್ದೆ. ಒಬ್ಬರ ಗಿರಾಕಿಯ ಬಳಿಗೆ ಇನ್ನೊಬ್ಬರು ನೇರವಾಗಿ ಹೋಗಬಾರದು ಎಂಬ ಮಾತು ನಮ್ಮಿಬ್ಬರ ನಡುವೆ ಆಗಿತ್ತು. ಕಾಗದದ ಮೇಲೆ ಬರೆದುಕೊಳ್ಳಲಿಲ್ಲ, ಇಬ್ಬರೂ ಪಾಲಿಸಿದೆವು.

ಇನ್ನು ಆ ಔಷಧಿ ಬಾಟಲಿಯ ಆರ್ಡರಿಗೆ ಬರುತ್ತೇನೆ, ಏಕೆಂದರೆ ನಾನು ಕಲಿತದ್ದೆಲ್ಲ ಒಟ್ಟಿಗೆ ಪರೀಕ್ಷೆಗೆ ಒಳಗಾದದ್ದು ಅಲ್ಲಿ. 6,000 ಐದು ಪ್ಲೈ ಪೆಟ್ಟಿಗೆಗಳು. ನಮ್ಮ ಕಸುಬಿನಲ್ಲಿ ಪೆಟ್ಟಿಗೆಯ ಅಳತೆಯನ್ನು ಸಾಮಾನ್ಯವಾಗಿ ಒಳಅಳತೆಯಾಗಿ ಹೇಳುತ್ತಾರೆ: ಉದ್ದ, ಅಗಲ, ಎತ್ತರ. ಅವರು ಕಳುಹಿಸಿದ ಹಾಳೆಯಲ್ಲಿದ್ದದ್ದು ಹೊರಅಳತೆ. ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಅದನ್ನು ಬರೆದೂ ಇದ್ದರು, ನಾನು ಗಮನಿಸಲಿಲ್ಲ, ಕೇಳಿ ಖಚಿತಪಡಿಸಿಕೊಳ್ಳಲೂ ಇಲ್ಲ. ಐದು ಪ್ಲೈ ರಟ್ಟು ಆರೇಳು ಮಿಲಿಮೀಟರ್ ದಪ್ಪ ಇರುತ್ತದೆ. ಎರಡೂ ಬದಿ ಸೇರಿದರೆ ಪೆಟ್ಟಿಗೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ದೊಡ್ಡದಾಗುತ್ತದೆ. 2,500 ಪೆಟ್ಟಿಗೆಗಳು ತಲುಪಿದ ಮೇಲೆ ಅವರ ಗೋದಾಮಿನಿಂದ ಒಂದು ಫೋಟೊ ಬಂತು. ಪ್ಯಾಲೆಟ್ಟಿನ ಮೇಲೆ ಸಾಲಿಗೆ ನಾಲ್ಕರಂತೆ ಕೂರಬೇಕಾದ ಪೆಟ್ಟಿಗೆಗಳು ಸುಮಾರು ಐದು ಸೆಂಟಿಮೀಟರ್ ಹೊರಗೆ ಚಾಚಿದ್ದವು. ಯಾವ ದೋಷವನ್ನು ಇನ್ನೊಬ್ಬರ ಗೋದಾಮಿನಲ್ಲಿ ನಾನೇ ಬೆರಳಿಟ್ಟು ತೋರಿಸಿದ್ದೆನೋ ಅದೇ ದೋಷ ನನ್ನ ಪೆಟ್ಟಿಗೆಗಳಿಂದ ಉಂಟಾಗಿತ್ತು. ಮಾಲು ಹಡಗಿಗೆ ಹೊರಡಲು ಐದು ದಿನ ಉಳಿದಿತ್ತು.

ಮೊದಲು ಆ ಸಂಸ್ಥೆಯವರಿಗೆ ಫೋನ್ ಮಾಡಿ, ತಪ್ಪು ನಮ್ಮದೇ, ಪೂರ್ತಿ 6,000 ಪೆಟ್ಟಿಗೆಗಳನ್ನು ಸರಿಯಾದ ಅಳತೆಯಲ್ಲಿ ನಾಲ್ಕನೆಯ ದಿನದ ಸಂಜೆಯೊಳಗೆ ತಲುಪಿಸುತ್ತೇನೆ ಎಂದೆ. ಅದಾದ ತಕ್ಷಣ ನನ್ನ ಹೆಸರು ಹೇಳಿದ್ದ ಗೋದಾಮಿನ ಗೆಳೆಯರಿಗೆ ಫೋನ್ ಮಾಡಿದೆ. ಈ ಕರೆ ಮೊದಲನೆಯದಕ್ಕಿಂತ ಕಷ್ಟವಾಗಿತ್ತು. ತಪ್ಪು ಹೇಗಾಯಿತು, ಈಗ ಏನು ಮಾಡುತ್ತಿದ್ದೇನೆ ಎಂಬುದನ್ನು ಬಿಡಿಸಿ ಹೇಳಿ, "ಈ ಸುದ್ದಿ ನಿಮಗೆ ಬೇರೆಯವರ ಬಾಯಿಂದ ತಿಳಿಯಬಾರದು ಎಂದು ಮಾಡಿದೆ" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ನಾನು ಅವರೊಡನೆ ಮಾತಾಡುತ್ತೇನೆ, ನೀವು ಕೆಲಸ ನೋಡಿ" ಎಂದರು. ಮೂರನೆಯ ಕರೆ ಪ್ರತಿಸ್ಪರ್ಧಿ ಘಟಕದವರಿಗೆ. ನಮ್ಮ ಎರಡು ಯಂತ್ರಗಳಿಂದ ನಾಲ್ಕು ದಿನದಲ್ಲಿ ಅಷ್ಟು ಪೆಟ್ಟಿಗೆ ಆಗುವುದು ಅಸಾಧ್ಯವಾಗಿತ್ತು. ಅವರು ಎರಡು ರಾತ್ರಿ ತಮ್ಮ ಯಂತ್ರ ಓಡಿಸಿ 2,800 ಪೆಟ್ಟಿಗೆ ಮಾಡಿಕೊಟ್ಟರು. ಕಾಗದ ಸಾಲದೆ ಬಂದಾಗ, ಬಾಕಿಗೆ ಗಡುವು ಕೊಟ್ಟಿದ್ದ ಆ ಹಿರಿಯರು ಭಾನುವಾರವೇ ಗೋದಾಮು ತೆರೆಸಿ ರೀಲುಗಳನ್ನು ಕಳುಹಿಸಿದರು. ನಾಲ್ಕನೆಯ ದಿನ ಸಂಜೆ ಕೊನೆಯ ಲೋಡು ಇಳಿಯುವಾಗ ನಾನೇ ಅಳತೆಯ ಟೇಪು ಹಿಡಿದು ಅಲ್ಲಿ ನಿಂತಿದ್ದೆ. ಆ ಆರ್ಡರಿನಲ್ಲಿ ಲಾಭವಿರಲಿ, ಹಾಕಿದ ಹಣವೂ ಪೂರ್ತಿ ಹುಟ್ಟಲಿಲ್ಲ. ಆ ಸಂಸ್ಥೆ ಇಂದಿಗೂ ನಮ್ಮ ಗಿರಾಕಿ.

ಅಂದಿನಿಂದ ಪ್ರತಿ ಆರ್ಡರಿನ ಹಾಳೆಯ ಮೇಲೆ ಒಳಅಳತೆಯೋ ಹೊರಅಳತೆಯೋ ಎಂಬುದನ್ನು ಕೆಂಪು ಶಾಯಿಯಲ್ಲಿ ಬರೆಸಿಕೊಳ್ಳುತ್ತೇನೆ. ಒಂದು ನೋಟ್‌ಬುಕ್ಕನ್ನೂ ಇಟ್ಟುಕೊಂಡಿದ್ದೇನೆ. ಅದರಲ್ಲಿ ಸುಮಾರು ನಲವತ್ತು ಹೆಸರುಗಳಿವೆ. ಪ್ರತಿ ಹೆಸರಿನ ಕೆಳಗೆ ಕೊನೆಯ ಸಲ ಯಾವಾಗ ಮಾತಾಡಿದೆ, ಆಗ ಅವರು ಯಾವ ಚಿಂತೆಯಲ್ಲಿದ್ದರು, ನಾನು ಏನು ಮಾಡುತ್ತೇನೆಂದು ಒಪ್ಪಿಕೊಂಡೆ ಎಂಬ ಮೂರು ಸಾಲು. ಮೂರನೆಯ ಸಾಲು ಮುಖ್ಯ. ಒಂದು ವಿಳಾಸ ಕಳುಹಿಸುತ್ತೇನೆ, ಯಂತ್ರ ರಿಪೇರಿಯವರ ನಂಬರು ಹುಡುಕಿಕೊಡುತ್ತೇನೆ ಎಂಬಂಥ ಚಿಕ್ಕ ಮಾತುಗಳನ್ನೇ ನಾವು ಸುಲಭವಾಗಿ ಮರೆಯುವುದು, ಮತ್ತು ಎದುರಿನವರು ಮರೆಯದೆ ಇರುವುದು. ನಲವತ್ತಕ್ಕಿಂತ ಹೆಚ್ಚು ಹೆಸರುಗಳನ್ನು ನಾನು ಸೇರಿಸಲು ಹೋಗಿಲ್ಲ. ಬ್ರಿಟನ್ನಿನ ವಿದ್ವಾಂಸ ರಾಬಿನ್ ಡನ್‌ಬಾರ್ 1990ರ ದಶಕದಲ್ಲಿ, ಮನುಷ್ಯ ಸ್ಥಿರವಾಗಿ ಉಳಿಸಿಕೊಳ್ಳಬಲ್ಲ ಸಂಬಂಧಗಳ ಮಿತಿ ಸುಮಾರು 150 ಎಂದು ಅಂದಾಜಿಸಿದರು. ಆ ಸಂಖ್ಯೆಯನ್ನು ಒಪ್ಪದ ಸಂಶೋಧಕರೂ ಇದ್ದಾರೆ. ನನ್ನ ಅನುಭವದಲ್ಲಿ ಮನೆಯವರನ್ನೂ ನೆಂಟರನ್ನೂ ಕೆಲಸಗಾರರನ್ನೂ ಕಳೆದರೆ, ನಿಜವಾಗಿ ಕಾಳಜಿಯಿಂದ ವಿಚಾರಿಸಲು ಉಳಿಯುವ ಜಾಗ ನಲವತ್ತರ ಆಸುಪಾಸಿನದೇ.

ಎಲ್ಲ ಪರಿಚಯಗಳನ್ನೂ ಉಳಿಸಿಕೊಂಡಿಲ್ಲ. ಆರ್ಡರು ಕೊಡಿಸಿದವರೊಬ್ಬರು, ನನ್ನ ಬೇರೊಬ್ಬ ಗಿರಾಕಿ ತಿಂಗಳಿಗೆ ಎಷ್ಟು ಪೆಟ್ಟಿಗೆ ಒಯ್ಯುತ್ತಾರೆ ಎಂದು ಎರಡು ಸಲ ಕೇಳಿದರು. ಪೆಟ್ಟಿಗೆಯ ಸಂಖ್ಯೆ ಗೊತ್ತಾದರೆ ಮಾಲಿನ ಸಂಖ್ಯೆ ಗೊತ್ತಾದಂತೆ. ನಾವು ಗಿರಾಕಿಯ ವ್ಯಾಪಾರದ ಗುಟ್ಟನ್ನು ಕೈಯಲ್ಲಿಟ್ಟುಕೊಂಡಿರುತ್ತೇವೆ. ಹೇಳುವುದಿಲ್ಲ ಎಂದೆ. ಅವರು ದೂರವಾದರು, ಅವರ ಮೂಲಕ ಬರುತ್ತಿದ್ದ ಆರ್ಡರುಗಳೂ ನಿಂತವು. ಅದರ ಬಗ್ಗೆ ನನಗೆ ವಿಷಾದವಿಲ್ಲ.

ಇನ್ನೊಂದು ಬದಲಾವಣೆ ನಮ್ಮ ಘಟಕದೊಳಗೇ ಆಯಿತು. ಮೊದಲು ಹೊರಗಿನವರೊಡನೆ ಮಾತಾಡುವುದು ನನ್ನೊಬ್ಬರ ಕೆಲಸವೆಂದುಕೊಂಡಿದ್ದೆ. ಈಗ ಪ್ರತಿ ಗಿರಾಕಿಯ ಗೋದಾಮಿಗೂ ನಮ್ಮ ಮೇಸ್ತ್ರಿ ವರ್ಷಕ್ಕೆ ಎರಡು ಸಲವಾದರೂ ಹೋಗಿ ಬರುತ್ತಾರೆ. ಅಲ್ಲಿನ ಲೋಡಿಂಗ್ ಹುಡುಗರ ಹೆಸರು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಪೆಟ್ಟಿಗೆಯ ಅಂಟು ಬಿಡುತ್ತಿದೆ ಎಂಬ ಸುದ್ದಿ ಖರೀದಿ ವಿಭಾಗದ ಪತ್ರವಾಗಿ ಬರುವ ಎರಡು ವಾರ ಮೊದಲೇ ಮೇಸ್ತ್ರಿಯ ಫೋನಿಗೆ ಬಂದಿರುತ್ತದೆ. ಖರೀದಿ ಮುಖ್ಯಸ್ಥರು ಬದಲಾದ ಮಾತ್ರಕ್ಕೆ ನಾವು ಅಪರಿಚಿತರಾಗುವ ಪರಿಸ್ಥಿತಿ ಈಗಿಲ್ಲ. ಹದಿನೇಳು ಗಿರಾಕಿಗಳಿದ್ದಾರೆ, ಯಾರ ಪಾಲೂ ಒಟ್ಟು ಮಾಲಿನ ಐದನೆಯ ಒಂದು ಭಾಗವನ್ನು ಮೀರುವುದಿಲ್ಲ. ಹದಿನೇಳರಲ್ಲಿ ಹನ್ನೆರಡು ಮಂದಿ ಇನ್ನೊಬ್ಬರು ಹೆಸರು ಹೇಳಿದ್ದರಿಂದ ಬಂದವರು.

ಕಳೆದ ವಾರ, ಮೊದಲ ಮೂರು ವರ್ಷ ನಮ್ಮ ಮಾಲನ್ನು ಕೊಂಡು ಆಮೇಲೆ ಬಿಟ್ಟುಹೋದ ಸಂಸ್ಥೆಯಿಂದ ಫೋನ್ ಬಂತು. ಅವರಿಗೆ ಬೇಕಾದದ್ದು ಪೆಟ್ಟಿಗೆಯಲ್ಲ, ಲೇಬಲ್ ಮುದ್ರಿಸುವ ನಂಬಿಕಸ್ಥರ ಹೆಸರು. ನಮ್ಮ ತಿಂಗಳ ಬಳಗಕ್ಕೆ ಇತ್ತೀಚೆಗೆ ಸೇರಿದ ಮುದ್ರಕರೊಬ್ಬರಿದ್ದಾರೆ, ಮಾತು ಕೆಲಸ ಎರಡರಲ್ಲೂ ನೇರವಾಗಿರುವವರಂತೆ ಕಾಣುತ್ತಾರೆ, ಆದರೆ ಅವರ ಯಂತ್ರ ಓಡುವುದನ್ನು ನಾನಿನ್ನೂ ನೋಡಿಲ್ಲ. ಎರಡು ದಿನ ಸಮಯ ಕೊಡಿ, ಹೋಗಿ ನೋಡಿಬಂದು ಹೇಳುತ್ತೇನೆ ಎಂದಿದ್ದೇನೆ. ನಾಳೆ ಬೆಳಿಗ್ಗೆ ಅವರ ಘಟಕಕ್ಕೆ ಹೋಗುತ್ತಿದ್ದೇನೆ.